ಕಡಿದ ಬೊಡ್ಡೆಯಿಂದ ಬಾಯ್ಲರ್ ಬಾಯಿವರೆಗೆ: ಉರುವಲು ಕಟ್ಟಿಗೆಯ ಕಾರ್ಬನ್ ಲೆಕ್ಕ – ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕ, ಗಂಗಾವತಿ–ಸಿಂಧನೂರು ಕಡೆಯ ಅಕ್ಕಿ ಗಿರಣಿ, ಇಟ್ಟಿಗೆ ಭಟ್ಟಿ, ಖಾನಾವಳಿ – ಇವುಗಳ ಬೆಂಕಿಗೆ ಕಟ್ಟಿಗೆಯೋ ಹೊಟ್ಟೋ ಬೇಕೇ ಬೇಕು. ಮಾಲು ಕೊಳ್ಳುವ ದೊಡ್ಡ ಕಂಪನಿಗಳು ಈಗ ಬಿಲ್ಲಿನ ಜೊತೆಗೆ ಉರುವಲಿನ ಕಾರ್ಬನ್ ಲೆಕ್ಕವನ್ನೂ ಕೇಳುತ್ತಿವೆ. ಕಟ್ಟಿಗೆ ಮಾರುವವರು, ಸಾಗಿಸುವವರು, ಸುಡುವವರು ಮೂವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. "ಹಿಡಿದರೆ" ಎಂದು ಬರೆದಿರುವ ಕಡೆಯೆಲ್ಲ ಅದು ನಮ್ಮ ಅಂದಾಜು. ಅಲ್ಲಿ ನಿಮ್ಮ ಲಾಗ್‌ಬುಕ್ಕಿನ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಮರ ಸುಟ್ಟರೆ ಕಾರ್ಬನ್ ಸೊನ್ನೆ ಅಂತಾರಲ್ಲ, ನಿಜವೇ?

ಕಾಗದದ ಮೇಲೆ ಸೊನ್ನೆ, ಚಿಮಣಿಯಲ್ಲಿ ಅಲ್ಲ. ಪೂರ್ತಿ ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ ಇರುತ್ತದೆ. ಒಂದು ಕೆಜಿ ಇಂಗಾಲ ಸುಟ್ಟರೆ 3.67 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಟನ್ ಒಣ ಮರಕ್ಕೆ ಸುಮಾರು 1.83 ಟನ್.

ಸೊನ್ನೆ ಬಂದದ್ದು ಲೆಕ್ಕ ಬರೆಯುವ ಪದ್ಧತಿಯಿಂದ. ದೇಶಗಳ ಕಾರ್ಬನ್ ಲೆಕ್ಕಕ್ಕೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ) ಕೊಟ್ಟಿರುವ ನಿಯಮದಂತೆ ಮರದ ಇಂಗಾಲವನ್ನು ಮರ ಕಡಿದ ಜಾಗದ ಖಾತೆಯಲ್ಲಿ, ಅಂದರೆ ಅರಣ್ಯ ಮತ್ತು ಭೂಬಳಕೆಯ ವಿಭಾಗದಲ್ಲಿ, ಖರ್ಚು ಬರೆಯಬೇಕು. ಅದನ್ನೇ ಇಂಧನದ ಖಾತೆಯಲ್ಲೂ ಬರೆದರೆ ಎರಡು ಸಲ ಎಣಿಸಿದಂತಾಗುತ್ತದೆ ಎಂದು ಅಲ್ಲಿ ಸೊನ್ನೆ ಇಟ್ಟಿದ್ದಾರೆ. ಒಂದು ಖಾತೆಯ ಸೊನ್ನೆಯನ್ನು ತೋರಿಸಿ ಇನ್ನೊಂದು ಖಾತೆಯನ್ನು ಮುಚ್ಚಿಟ್ಟರೆ ಅದು ಅರ್ಧ ಲೆಕ್ಕ. ಕಡಿದ ಜಾಗದಲ್ಲಿ ಅಷ್ಟೇ ಮರ ಮತ್ತೆ ಬೆಳೆದರೆ ಎರಡೂ ಖಾತೆ ಸರಿಹೋಗುತ್ತವೆ. ಬೆಳೆಯದಿದ್ದರೆ ಸಾಲ ಹಾಗೇ ನಿಂತಿರುತ್ತದೆ.

ಹಾಗಾದರೆ ಕಲ್ಲಿದ್ದಲಿಗಿಂತ ಕಟ್ಟಿಗೆ ಮೇಲೋ, ಕೀಳೋ?

ಚಿಮಣಿಯ ತುದಿಯಲ್ಲಿ ಅಳೆದರೆ ಕಟ್ಟಿಗೆಯೇ ಕೀಳು. ಐಪಿಸಿಸಿ ಪಟ್ಟಿಯಲ್ಲಿ ಒಂದು ಗಿಗಾಜೂಲ್ ಶಾಖಕ್ಕೆ (ಇದು ಸುಮಾರು 278 ಯೂನಿಟ್ ಕರೆಂಟಿಗೆ ಸಮ) ಕಟ್ಟಿಗೆ 112 ಕೆಜಿ, ಸಾಮಾನ್ಯ ಕಲ್ಲಿದ್ದಲು 95–96 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಟ್ಟಿಗೆ ಗೆಲ್ಲುವುದು ಬೊಡ್ಡೆ ಚಿಗುರಿದಾಗ ಮಾತ್ರ. ಕಲ್ಲಿದ್ದಲು ಚಿಗುರುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಒಂದು ಲೋಡಿನ ಲೆಕ್ಕ ಮಾಡಿ ತೋರಿಸಿ. ಕಡಿಯುವುದು, ಸಾಗಿಸುವುದು ಸೇರಿ ಎಷ್ಟು?

16 ಟನ್ ಬಳ್ಳಾರಿ ಜಾಲಿ, ಶೇ. 40 ತೇವದ ಹಸಿ ಕಟ್ಟಿಗೆ. ಹೊಲದಿಂದ ಟಾರ್ ರಸ್ತೆಗೆ 8 ಕಿ.ಮೀ. ಟ್ರ್ಯಾಕ್ಟರ್, ಅಲ್ಲಿಂದ ಗಿರಣಿಗೆ 60 ಕಿ.ಮೀ. ಹತ್ತು ಗಾಲಿಯ ಲಾರಿ. ಡೀಸೆಲ್ ಒಂದು ಲೀಟರ್ ಸುಟ್ಟರೆ 2.68 ಕೆಜಿ, ಪೆಟ್ರೋಲ್ ಒಂದು ಲೀಟರಿಗೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್.

ಗರಗಸದ ಮಷೀನು: ಟನ್ನಿಗೆ ಅರ್ಧ ಲೀಟರ್ ಪೆಟ್ರೋಲ್ ಹಿಡಿದರೆ 8 ಲೀಟರ್, 18 ಕೆಜಿ.

ಟ್ರ್ಯಾಕ್ಟರ್: 4 ಟನ್ನಿನ ನಾಲ್ಕು ಟ್ರಿಪ್. ಹೋಗಿ ಬರುವುದು 16 ಕಿ.ಮೀ.ಗೆ 4 ಲೀಟರ್, ತುಂಬುವಾಗ ಎಂಜಿನ್ ಆಫ್ ಮಾಡದೆ ನಿಲ್ಲಿಸಿಕೊಂಡದ್ದಕ್ಕೆ 1 ಲೀಟರ್ ಹಿಡಿದರೆ ಒಟ್ಟು 20 ಲೀಟರ್, 54 ಕೆಜಿ.

ಲಾರಿ: ತುಂಬಿದಾಗ ಲೀಟರಿಗೆ 4 ಕಿ.ಮೀ., ಖಾಲಿ ಬರುವಾಗ 6 ಕಿ.ಮೀ. ಹಿಡಿದರೆ 15 + 10 = 25 ಲೀಟರ್, 67 ಕೆಜಿ.

ಒಟ್ಟು 139 ಕೆಜಿ, ಟನ್ನಿಗೆ 8.7 ಕೆಜಿ. ಡೀಸೆಲ್ ತೆಗೆದು, ಸಂಸ್ಕರಿಸಿ, ಬಂಕಿಗೆ ತರುವ ಖರ್ಚನ್ನೂ ಸೇರಿಸಬೇಕೆಂದರೆ ಇನ್ನು ಶೇ. 20 ಹಾಕಿ. ಆಗ ಸುಮಾರು 167 ಕೆಜಿ.

ಈಗ ಅದೇ ಲೋಡು ಸುಟ್ಟಾಗ ಚಿಮಣಿಯಿಂದ ಹೋಗುವುದನ್ನು ನೋಡಿ. 16 ಟನ್ನಿನಲ್ಲಿ ನೀರು ಕಳೆದು ಒಣ ಮರ 9.6 ಟನ್, ಅದಕ್ಕೆ 17.6 ಟನ್ ಇಂಗಾಲದ ಡೈಆಕ್ಸೈಡ್. ಕಡಿದು ಸಾಗಿಸಿದ್ದೆಲ್ಲ ಸೇರಿದರೂ ಇದರ ನೂರರಲ್ಲೊಂದು ಪಾಲು ಮುಟ್ಟುವುದಿಲ್ಲ. ಲಾರಿಯ ಹೊಗೆ ಕಣ್ಣಿಗೆ ಹೊಡೆಯುವುದರಿಂದ ಎಲ್ಲರೂ ಅದನ್ನೇ ಕೇಳುತ್ತಾರೆ. ಲೆಕ್ಕದ ಗಂಟು ಇರುವುದು ಬೊಡ್ಡೆಯಲ್ಲಿ.

ಹಾಗಿದ್ದರೆ ಎಷ್ಟು ದೂರದಿಂದ ತಂದರೂ ನಡೆಯುತ್ತದೆಯೇ?

ಕಾರ್ಬನ್ ಮಟ್ಟಿಗೆ ಹೌದೆನ್ನಬಹುದು. ಮೇಲಿನ ಲಾರಿ ಒಂದು ಟನ್ನನ್ನು ಒಂದು ಕಿ.ಮೀ. ಒಯ್ಯಲು (ಖಾಲಿ ವಾಪಸಾತಿಯೂ ಸೇರಿ) 70 ಗ್ರಾಂ ಬಿಡುತ್ತದೆ. 300 ಕಿ.ಮೀ. ದೂರದಿಂದ ಬಂದರೂ ಟನ್ನಿಗೆ 21 ಕೆಜಿ, ಶೇ. 30 ತೇವದ ಕಟ್ಟಿಗೆಯಾದರೆ ಗಿಗಾಜೂಲ್‌ಗೆ 2 ಕೆಜಿಯೂ ಆಗುವುದಿಲ್ಲ. ಅಷ್ಟು ದೂರಕ್ಕೆ ಬಾಡಿಗೆಯೇ ಕಟ್ಟಿಗೆಯ ಬೆಲೆಯನ್ನು ತಿಂದುಹಾಕುತ್ತದೆ, ಆದ್ದರಿಂದ ಈ ಪ್ರಶ್ನೆ ಹೆಚ್ಚಾಗಿ ತಾನಾಗಿಯೇ ಬಗೆಹರಿಯುತ್ತದೆ.

ದೂರಕ್ಕೆ ಬೇರೊಂದು ತೊಂದರೆಯಿದೆ. ದೂರದ ಕಟ್ಟಿಗೆ ಯಾವ ಹೊಲದ್ದು, ಹೇಗೆ ಕಡಿದದ್ದು ಎಂದು ಹೋಗಿ ನೋಡುವವರಿಲ್ಲ. ಹತ್ತಿರದ ಕಟ್ಟಿಗೆಯ ಲಾಭ ಡೀಸೆಲ್ಲಿಗಿಂತ ಹೆಚ್ಚಾಗಿ ಇದರಲ್ಲಿದೆ.

ಟ್ರ್ಯಾಕ್ಟರಿಗೂ ಲಾರಿಗೂ ಅಷ್ಟು ವ್ಯತ್ಯಾಸವೇ?

ಐದು ಪಟ್ಟು. ಮೇಲಿನ ಲೆಕ್ಕದಲ್ಲಿ ಟ್ರ್ಯಾಕ್ಟರ್ (ನಿಂತಾಗ ಹೋದ ಡೀಸೆಲ್ ಬಿಟ್ಟು) ಟನ್ನಿಗೆ ಕಿ.ಮೀ.ಗೆ ಸುಮಾರು 335 ಗ್ರಾಂ, ಲಾರಿ 70 ಗ್ರಾಂ. ಎಂಟು ಕಿ.ಮೀ. ಟ್ರ್ಯಾಕ್ಟರ್ ಓಡಾಟಕ್ಕೂ ಅರವತ್ತು ಕಿ.ಮೀ. ಲಾರಿಗೂ ಹೆಚ್ಚುಕಡಿಮೆ ಒಂದೇ ಡೀಸೆಲ್ ಹೋದದ್ದನ್ನು ಗಮನಿಸಿ. ಎರೆ ಹೊಲದಲ್ಲಿ ಮಳೆ ಬಿದ್ದ ಮೇಲಂತೂ ಟ್ರೇಲರ್ ಗಾಲಿ ಹೂತು, ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸಿದರೆ ಆ ದಿನದ ಲೆಕ್ಕ ಕೆಟ್ಟಿತು.

ಮಾಡಬೇಕಾದ್ದು ಇಷ್ಟು: ರಸ್ತೆ ಬದಿಯ ದಾಸ್ತಾನು ಜಾಗವನ್ನು ಹೊಲಕ್ಕೆ ಹತ್ತಿರ ಇಟ್ಟುಕೊಳ್ಳಿ, ಟ್ರ್ಯಾಕ್ಟರ್ ಓಟ ಐದಾರು ಕಿ.ಮೀ. ಮೀರದಿರಲಿ, ತುಂಬುವಾಗ ಎಂಜಿನ್ ಆಫ್ ಮಾಡಿ. ಲಾರಿಗೆ ವಾಪಸ್ ಲೋಡು ಸಿಗುವಂತೆ ನೋಡಿ. ಗಂಗಾವತಿ, ಕಾರಟಗಿಯಿಂದ ಅಕ್ಕಿ ಒಯ್ದ ಗಾಡಿ ಖಾಲಿ ಬರುವ ಬದಲು ಕಟ್ಟಿಗೆ ತುಂಬಿಕೊಂಡು ಬಂದರೆ ಖಾಲಿ ಓಟದ ಹತ್ತು ಲೀಟರ್ ಉಳಿಯಿತು.

ಹಸಿ ಕಟ್ಟಿಗೆಗೂ ಒಣ ಕಟ್ಟಿಗೆಗೂ ಶಾಖದಲ್ಲಿ ಎಷ್ಟು ಅಂತರ?

ಪೂರ್ತಿ ಒಣಗಿದ ಜಾಲಿಗೆ ಟನ್ನಿಗೆ 18.5 ಗಿಗಾಜೂಲ್ (ಕೆಜಿಗೆ ಸುಮಾರು 4,400 ಕಿಲೋಕ್ಯಾಲರಿ) ಹಿಡಿಯಿರಿ. ತೇವ ಇದ್ದರೆ ಎರಡು ನಷ್ಟ: ಮರದ ಪಾಲು ಕಡಿಮೆಯಾಗುತ್ತದೆ, ಇರುವ ನೀರನ್ನು ಆವಿ ಮಾಡಲು ಟನ್ ನೀರಿಗೆ 2.44 ಗಿಗಾಜೂಲ್ ಹೋಗುತ್ತದೆ. ಸೂತ್ರ ಸುಲಭ: 18.5ನ್ನು ಒಣ ಪಾಲಿನಿಂದ ಗುಣಿಸಿ, 2.44ನ್ನು ತೇವದ ಪಾಲಿನಿಂದ ಗುಣಿಸಿ ಕಳೆಯಿರಿ.

ಶೇ. 45 ತೇವ – 9.1 ಗಿಗಾಜೂಲ್
ಶೇ. 40 ತೇವ – 10.1
ಶೇ. 30 ತೇವ – 12.2
ಶೇ. 20 ತೇವ – 14.3

ಅದೇ 16 ಟನ್ನಿನ ಲಾರಿ ಶೇ. 40 ತೇವದಲ್ಲಿ 162 ಗಿಗಾಜೂಲ್ ಒಯ್ದರೆ ಶೇ. 20ರಲ್ಲಿ 229 ಒಯ್ಯುತ್ತದೆ. ಸಾವಿರ ಗಿಗಾಜೂಲ್‌ಗೆ ಆರು ಲಾರಿ ಬೇಕಿದ್ದಲ್ಲಿ ನಾಲ್ಕೂವರೆ ಸಾಕು.

ಬಾಯ್ಲರಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಲ್ಲಿ ಬಹಳ ಮಂದಿ ತಪ್ಪು ಲೆಕ್ಕ ಹೇಳುತ್ತಾರೆ. ಒಂದು ಟನ್ ಸ್ಟೀಮಿಗೆ ಸುಮಾರು 2.65 ಗಿಗಾಜೂಲ್ ಬೇಕು. ಬಾಯ್ಲರ್ ದಕ್ಷತೆ ಶೇ. 70 ಇದ್ದರೆ ಶೇ. 20 ತೇವದ ಕಟ್ಟಿಗೆ 265 ಕೆಜಿ, ಶೇ. 40 ತೇವದ್ದು 374 ಕೆಜಿ. ನೂರು ಕೆಜಿಗೂ ಮೇಲೆ ವ್ಯತ್ಯಾಸ ಎಂದು ಗಾಬರಿಯಾಗಬೇಡಿ, ಅದರಲ್ಲಿ ಬಹುಪಾಲು ನೀರು. ಒಣ ಮರದ ಲೆಕ್ಕದಲ್ಲಿ 212 ಕೆಜಿ ಬದಲು 224 ಕೆಜಿ, ಹನ್ನೆರಡೇ ಕೆಜಿ ಹೆಚ್ಚು. ನಿಜವಾದ ಹೊಡೆತ ದಕ್ಷತೆಗೆ ಬೀಳುತ್ತದೆ: ಜ್ವಾಲೆ ತಣ್ಣಗಾಗುತ್ತದೆ, ಬೆಂಕಿ ಹಿಡಿಯಲೆಂದು ಫ್ಯಾನ್ ಜೋರು ಮಾಡುತ್ತಾರೆ, ಬಿಸಿ ಗಾಳಿ ಚಿಮಣಿಗೆ ಹೋಗುತ್ತದೆ, ಟ್ಯೂಬಿಗೆ ಟಾರ್ ಕಟ್ಟುತ್ತದೆ. ದಕ್ಷತೆ 62ಕ್ಕೆ ಇಳಿಯಿತೆಂದು ಹಿಡಿದರೆ ಹಸಿ ಕಟ್ಟಿಗೆ 422 ಕೆಜಿ, ಒಣ ಮರ 253 ಕೆಜಿ. ಈಗ ಐದರಲ್ಲೊಂದು ಪಾಲು ಹೆಚ್ಚು ಮರ ಸುಟ್ಟಂತಾಯಿತು. ಲಾರಿಯ ಡೀಸೆಲ್ ಇದರ ಮುಂದೆ ಚಿಲ್ಲರೆ.

ಒಣಗಿಸುವುದು ಹೇಗೆ? ಎಷ್ಟು ದಿನ ಬೇಕು?

ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಜನವರಿ–ಫೆಬ್ರುವರಿಯಲ್ಲಿ ಕಡಿದು, ಎರಡು-ಮೂರು ಅಡಿ ತುಂಡು ಮಾಡಿ, ಅರ್ಧ ಅಡಿಗಿಂತ ದಪ್ಪದ್ದನ್ನು ಸೀಳಿ ಇಟ್ಟರೆ ಏಪ್ರಿಲ್–ಮೇ ಬಿಸಿಲಿಗೆ ಶೇ. 20ರ ಆಸುಪಾಸಿಗೆ ಬರುತ್ತದೆ. ಸೀಳದ ಕೊರಡು ಹೊರಗೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ತಿರುಳು ಹಸಿಯಾಗಿಯೇ ಇರುತ್ತದೆ.

ನೆಲಕ್ಕೆ ತಾಗಿಸಬೇಡಿ. ಅಡಿಯಲ್ಲಿ ಎರಡು ಸಾಲು ಕಲ್ಲು ಅಥವಾ ಹಳೆಯ ಕಂಬ ಹಾಕಿ, ತುಂಡಿನ ಕೊಯ್ದ ಮುಖ ಗಾಳಿಗೆ ಬರುವಂತೆ ಅಟ್ಟಿ ಕಟ್ಟಿ. ಎರಡು ಅಟ್ಟಿಗಳ ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಬಿಡಿ. ಜೂನ್ ಮೊದಲ ಮಳೆಗೆ ಮುಂಚೆ ತಲೆಯ ಮೇಲಷ್ಟೇ ತಾಡಪತ್ರಿ ಹೊದಿಸಿ, ಪಕ್ಕ ತೆರೆದಿಡಿ. ಪೂರ್ತಿ ಸುತ್ತಿಬಿಟ್ಟರೆ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ.

ಒಣಗದೇ ಇರಲು ದೊಡ್ಡ ಕಾರಣ ಹವಾಮಾನವಲ್ಲ, ಕಾಟಾ. ತೂಕಕ್ಕೆ ದುಡ್ಡು ಕೊಟ್ಟರೆ ಮಾರುವವನು ಹಸಿಯನ್ನೇ ತರುತ್ತಾನೆ, ಕೆಲವರು ದಾರಿಯಲ್ಲಿ ನೀರೂ ಹೊಡೆಯುತ್ತಾರೆ. ಶಾಖಕ್ಕೆ ದರ ಕಟ್ಟಿ. ಉದಾಹರಣೆಗೆ ಶೇ. 20 ತೇವಕ್ಕೆ ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಶೇ. 30ಕ್ಕೆ 2,560, ಶೇ. 40ಕ್ಕೆ 2,120 ರೂಪಾಯಿ. ಈ ಚೀಟಿಯನ್ನು ಕಾಟಾದ ಪಕ್ಕ ಅಂಟಿಸಿ.

ತೇವಾಂಶ ಅಳೆಯುವಾಗ ಎಲ್ಲಿ ತಪ್ಪಾಗುತ್ತದೆ?

ಮೂರು ಕಡೆ. ಮೊದಲನೆಯದು, ಸೂಜಿ ಚುಚ್ಚುವ ಮೀಟರುಗಳು ಸಾಮಾನ್ಯವಾಗಿ ಒಣ ತೂಕದ ಆಧಾರದ ಮೇಲೆ ತೇವ ತೋರಿಸುತ್ತವೆ, ಉರುವಲಿನ ಲೆಕ್ಕ ನಡೆಯುವುದು ಒಟ್ಟು ತೂಕದ ಆಧಾರದ ಮೇಲೆ. ಮೀಟರ್ 40 ತೋರಿಸಿದರೆ ನಮ್ಮ ಲೆಕ್ಕಕ್ಕೆ 40ನ್ನು 140ರಿಂದ ಭಾಗಿಸಿ: ಶೇ. 28.6. ಇದನ್ನು ತಿಳಿಯದೆ ವ್ಯಾಪಾರ ಮಾಡಿ ಜಗಳವಾಡುವವರಿದ್ದಾರೆ.

ಎರಡನೆಯದು, ತೊಗಟೆಗೆ ಚುಚ್ಚುವುದು. ತುಂಡನ್ನು ನಡುವೆ ಕೊಯ್ದು, ಹೊಸ ಮುಖಕ್ಕೆ ಚುಚ್ಚಿ.

ಮೂರನೆಯದು, ಲೋಡಿನ ಮೇಲಿನ ಎರಡು ಕೊರಡು ಮಾತ್ರ ನೋಡುವುದು. ಇಳಿಸುವಾಗ ಐದು ಬೇರೆ ಬೇರೆ ಕಡೆಯ ತುಂಡು ತೆಗೆದು, ಅಡ್ಡ ಕೊಯ್ದು, ಬೀಳುವ ಗರಗಸದ ಪುಡಿ ಕೂಡಿಸಿ. 200 ಗ್ರಾಂ ಆದ ಕೂಡಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. 105 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಬೇಕು, ಸಾಮಾನ್ಯವಾಗಿ ಒಂದು ದಿನ ಸಾಕು. 200 ಗ್ರಾಂ 130ಕ್ಕೆ ಇಳಿದರೆ ತೇವ ಶೇ. 35.

ಬಳ್ಳಾರಿ ಜಾಲಿಯನ್ನು ಹೇಗೆ ಕಡಿದರೆ ಕಾರ್ಬನ್ ಸಾಲ ಬೇಗ ತೀರುತ್ತದೆ?

ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಈ ಮೆಕ್ಸಿಕೋ ಕಡೆಯ ಗಿಡ ಬೇಡವೆಂದರೂ ಬರುತ್ತದೆ. ಅದೇ ಇಲ್ಲಿ ಅನುಕೂಲ. ನೆಲದಿಂದ 10–15 ಸೆಂ.ಮೀ. ಮೇಲೆ, ಮಳೆನೀರು ಜಾರುವಂತೆ ಸ್ವಲ್ಪ ಓರೆಯಾಗಿ, ಒಂದೇ ನಯವಾದ ಕೊಯ್ತ ಹಾಕಿ. ಕೊಡಲಿಯಲ್ಲಿ ಕೊಚ್ಚಿ ಬೊಡ್ಡೆ ಸೀಳಿದರೆ, ತೊಗಟೆ ಕಿತ್ತರೆ ನೀರು ಇಳಿದು ಕೊಳೆಯುತ್ತದೆ. ಮಳೆಗಾಲದಲ್ಲಿ ಹತ್ತಾರು ಚಿಗುರು ಬರುತ್ತವೆ. ಮುಂದಿನ ವರ್ಷ ದಪ್ಪನೆಯ ಎರಡರಿಂದ ನಾಲ್ಕು ಉಳಿಸಿ ಮಿಕ್ಕದ್ದು ತೆಗೆಯಿರಿ. ಎಲ್ಲ ಬಿಟ್ಟರೆ ಪೊದೆಯಾಗುತ್ತದೆ, ಕಟ್ಟಿಗೆಯಾಗುವುದಿಲ್ಲ. ನಾಲ್ಕೈದು ವರ್ಷಕ್ಕೆ ಮತ್ತೆ ಕಟಾವಿಗೆ ಬರುತ್ತದೆ.

ಹತ್ತು ಎಕರೆ ಜಾಲಿ ಇದ್ದರೆ ವರ್ಷಕ್ಕೆ ಎರಡೆರಡು ಎಕರೆ ಕಡಿಯಿರಿ. ಐದನೇ ವರ್ಷ ಮುಗಿಯುವಾಗ ಮೊದಲನೆಯ ಎರಡು ಎಕರೆ ಸಿದ್ಧ. ಒಟ್ಟು ಹತ್ತು ಎಕರೆಯಲ್ಲಿ ನಿಂತ ಮರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, "ಮತ್ತೆ ಬೆಳೆಯುತ್ತದೆ" ಎಂಬ ಮಾತಿಗೆ ಆಗ ಆಧಾರ ಸಿಗುತ್ತದೆ. ಹೆಬ್ಬೆರಳಿಗಿಂತ ಸಣ್ಣ ಟೊಂಗೆ, ಎಲೆ ಹೊಲದಲ್ಲೇ ಬಿಡಿ. ಸಾರಜನಕ ಹೆಚ್ಚಿರುವುದು ಅವುಗಳಲ್ಲೇ, ಶಾಖಕ್ಕೆ ಅವು ಅಷ್ಟಕ್ಕಷ್ಟೆ. ಕಾಯಿ ತಿಂದ ಆಡು-ದನ ಹಿಕ್ಕೆ, ಸಗಣಿಯಲ್ಲಿ ಬೀಜ ಹರಡುತ್ತವೆ; ಆದ್ದರಿಂದ ಕಟಾವು ಕಾಯಿ ಬಲಿಯುವ ಮುಂಚೆ ಆದರೆ ಪಕ್ಕದ ಹೊಲದವರ ಬೈಗುಳ ತಪ್ಪುತ್ತದೆ.

ಜೆಸಿಬಿ ಹಚ್ಚಿ ಬುಡಸಮೇತ ಕಿತ್ತರೆ?

ಡೀಸೆಲ್ ದೃಷ್ಟಿಯಿಂದ ಗಂಟೆಗೆ ಸುಮಾರು 5 ಲೀಟರ್, ಅಂದರೆ 13 ಕೆಜಿ ಇಂಗಾಲದ ಡೈಆಕ್ಸೈಡ್. ಅದು ದೊಡ್ಡದಲ್ಲ. ದೊಡ್ಡದು ಬೇರು. ಮೇಲಿನ ಮರದ ತೂಕದ ಕಾಲು ಭಾಗವೋ ಇನ್ನೂ ಹೆಚ್ಚೋ ನೆಲದಡಿ ಇರುತ್ತದೆ. ಅದೂ ಹೋಯಿತು, ಮತ್ತೆ ಚಿಗುರುವುದೂ ಹೋಯಿತು. ಇಂಥ ಕಟ್ಟಿಗೆ ಗಿಗಾಜೂಲ್‌ಗೆ ಬಿಡುವ 112 ಕೆಜಿಯನ್ನು ಸೊನ್ನೆ ಎಂದು ಬರೆಯಲು ಆಗುವುದಿಲ್ಲ.

ಆದರೆ ಹೊಲ ಹಸನು ಮಾಡಿ ಬಿತ್ತುವುದು ರೈತರ ಹಕ್ಕು, ಜಾಲಿ ತೆಗೆಯುವುದಕ್ಕೆ ಬಲವಾದ ಕಾರಣಗಳೂ ಇವೆ. ಆಗ ಕೇಳಬೇಕಾದ ಪ್ರಶ್ನೆ: ಕಟ್ಟಿಗೆ ಕೊಳ್ಳುವವರಿಲ್ಲದಿದ್ದರೂ ಆ ಜಾಲಿ ಕೀಳುತ್ತಿದ್ದರೇ? ಕಿತ್ತು ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಕೊಡುತ್ತಿದ್ದರೆ ಅದನ್ನು ಬಾಯ್ಲರಿಗೆ ತಂದದ್ದರಿಂದ ಕಲ್ಲಿದ್ದಲು ಉಳಿಯಿತು, ಲಾಭವೇ. ಕಟ್ಟಿಗೆ ದುಡ್ಡಿಗಾಗಿಯೇ ಕಿತ್ತಿದ್ದರೆ ಅದು ಸಾಲ. ಕೊಂಡ ದಾಖಲೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿಡಿ. ಇನ್ನೊಂದು ಮಾತು: ನಿಜವಾಗಿ ನಿರ್ಮೂಲ ಮಾಡಬೇಕೆಂದರೆ ಬೇರಿನ ಕತ್ತನ್ನು ನೆಲದೊಳಗೆ ಒಂದು ಗೇಣಾದರೂ ಕೆಳಗೆ ಕತ್ತರಿಸಬೇಕು, ಮೇಲ್ಮಟ್ಟಕ್ಕೆ ಕೆರೆದರೆ ಅದು ಕಟಾವು ಆಯಿತೇ ಹೊರತು ತೆರವಾಗಲಿಲ್ಲ.

ಬೇವು, ಹುಣಸೆ ಕಟ್ಟಿಗೆ?

ಬೇಡ. ನಲವತ್ತು ವರ್ಷದ ಹುಣಸೆ ಮರ ಒಂದು ವಾರದ ಸ್ಟೀಮಿಗೆ ಹೋದರೆ ಅದರ ಸಾಲ ತೀರಲು ಇನ್ನೊಂದು ನಲವತ್ತು ವರ್ಷ. ಬಿರುಗಾಳಿಗೆ ಉರುಳಿದ್ದು, ಸಾಮಿಲ್ ಚೂರು, ಹೊಟ್ಟು ಆದರೆ ಬೇರೆ ಮಾತು.

ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಸುಟ್ಟರೆ ಹೇಗೆ?

ಕಾರ್ಬನ್ ಲೆಕ್ಕಕ್ಕೆ ಇದಕ್ಕಿಂತ ಚೊಕ್ಕದ್ದು ಕಡಿಮೆ. ವರ್ಷದ ಬೆಳೆ, ವರ್ಷದಲ್ಲೇ ಮತ್ತೆ ಬೆಳೆಯುತ್ತದೆ; ಇಲ್ಲದಿದ್ದರೆ ಹೇಗೂ ಹೊಲದಲ್ಲೇ ಸುಡುತ್ತಾರೆ. ತೊಡಕು ಇರುವುದು ಸಾಗಣೆಯಲ್ಲಿ. ಸಡಿಲ ಕಟ್ಟಿಗೆ ಟ್ರೇಲರ್ ತುಂಬಿ ತುಳುಕಿದರೂ ತೂಕ ಒಂದು-ಒಂದೂವರೆ ಟನ್ ಅಷ್ಟೇ. 1.2 ಟನ್ ಹಿಡಿದರೆ, ಹಗುರ ಲೋಡಿಗೆ ಡೀಸೆಲ್ ತುಸು ಕಡಿಮೆ ಹೋದರೂ, ಟನ್ನಿಗೆ ಕಿ.ಮೀ.ಗೆ 900 ಗ್ರಾಂ ಹತ್ತಿರ ಹೋಗುತ್ತದೆ. ಹೊಲದಲ್ಲೇ ಕತ್ತರಿಸುವ ಯಂತ್ರ ಹಚ್ಚಿ ತುಂಡು ಮಾಡಿ ತುಂಬಿ.

ಹತ್ತಿಯಲ್ಲಿ ಇನ್ನೊಂದು ಎಚ್ಚರ. ಕಟ್ಟಿಗೆಯನ್ನು ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಬೇಸಿಗೆಯುದ್ದಕ್ಕೂ ಒಟ್ಟಿಟ್ಟರೆ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಮುಂದಿನ ಹಂಗಾಮಿಗೆ ದಾಟುತ್ತದೆ. ಕೊನೆಯ ಬಿಡಿಸುವಿಕೆ ಆದ ಕೂಡಲೇ ಪುಡಿ ಮಾಡಿ ಸಾಗಿಸಿ. ಹೊಲದಲ್ಲಿ ಸ್ವಲ್ಪವಾದರೂ ಉಳಿಸಿ, ಎರೆ ಮಣ್ಣಿಗೂ ಇಂಗಾಲ ಬೇಕು. ಬೂದಿಯಲ್ಲಿ ಪೊಟ್ಯಾಶ್ ಹೆಚ್ಚು, ಒಲೆಯ ಜಾಲರಿಯ ಮೇಲೆ ಕರಗಿ ಗಟ್ಟಿಯಾಗುತ್ತದೆ. ಜಾಲಿಯ ಜೊತೆ ಬೆರೆಸಿ ಹಾಕುವುದು ವಾಸಿ.

ಭತ್ತದ ಹೊಟ್ಟು?

ಗಿರಣಿಯಲ್ಲೇ ಹುಟ್ಟಿ ಗಿರಣಿಯಲ್ಲೇ ಸುಡುವ ಹೊಟ್ಟಿಗೆ ಸಾಗಣೆಯೇ ಇಲ್ಲ. ಭತ್ತದ ತೂಕದ ಸುಮಾರು ಶೇ. 20 ಹೊಟ್ಟು. ಬೂದಿಯೂ ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಹೊರಗೆ ಕೊಂಡು ತರುವುದಾದರೆ ಹಗುರವಾದ್ದರಿಂದ ಲಾರಿ ಗಾಳಿ ಹೊತ್ತಂತೆ, ಹತ್ತಿ ಕಟ್ಟಿಗೆಯ ಲೆಕ್ಕವೇ ಇದಕ್ಕೂ.

ಪೆಲೆಟ್ (ಪುಡಿ ಮಾಡಿ ಒತ್ತಿದ ಸಣ್ಣ ಗುಳಿಗೆ) ಮಾಡಿ ಸಾಗಿಸಿದರೆ ಕಾರ್ಬನ್ ಉಳಿಯುತ್ತದಲ್ಲವೇ?

ಮಾರುವವರು ಹಾಗೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಪೆಲೆಟ್ ಒತ್ತಲು ಟನ್ನಿಗೆ ಸುಮಾರು 100 ಯೂನಿಟ್ ಕರೆಂಟ್ ಹಿಡಿದರೆ, ನಮ್ಮ ದೇಶದ ಗ್ರಿಡ್ ಕರೆಂಟಿಗೆ ಯೂನಿಟ್ಟಿಗೆ 0.72 ಕೆಜಿ ಲೆಕ್ಕದಲ್ಲಿ 72 ಕೆಜಿ. 100 ಕಿ.ಮೀ. ಸಾಗಿಸಲು ಪೆಲೆಟ್ಟಿಗೆ ಟನ್ನಿಗೆ 7 ಕೆಜಿ. ಸಡಿಲ ಕಟ್ಟಿಗೆಯಾದರೆ ಅದೇ ಲಾರಿಯಲ್ಲಿ 5 ಟನ್ ಮಾತ್ರ ಹಿಡಿಯುವುದರಿಂದ 20 ಕೆಜಿ. ಉಳಿದದ್ದು 13, ಖರ್ಚಾದದ್ದು 72. ಸಾಗಣೆಯ ಉಳಿತಾಯದಿಂದಲೇ ಪೆಲೆಟ್ ಗೆಲ್ಲಬೇಕಾದರೆ 550 ಕಿ.ಮೀ. ಓಡಬೇಕು.

ಪೆಲೆಟ್ಟಿಗೆ ಬೇರೆ ಉಪಯೋಗಗಳಿವೆ: ಒಣಗಿರುತ್ತದೆ, ತಾನಾಗಿ ಒಲೆಗೆ ಬೀಳುವಂತೆ ಮಾಡಬಹುದು, ಒಂದೇ ಸಮ ಉರಿಯುತ್ತದೆ. ಬ್ರಿಕೆಟ್ಟಿಗೆ (ಒತ್ತಿದ ದಪ್ಪ ತುಂಡಿಗೆ) ಕರೆಂಟ್ ಇದಕ್ಕಿಂತ ಕಡಿಮೆ ಸಾಕು. ಘಟಕದ ಚಾವಣಿಯ ಮೇಲೆ ಸೋಲಾರ್ ಇದ್ದು ಹಗಲಲ್ಲೇ ಒತ್ತುವುದಾದರೆ ಆ 72 ಬಹಳ ಇಳಿಯುತ್ತದೆ.

ಇದ್ದಿಲು ಮಾಡಿ ಮಾರುತ್ತೇವೆ. ಹಗುರ, ಸಾಗಣೆ ಸುಲಭ. ಅದು ಒಳ್ಳೆಯದಲ್ಲವೇ?

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದೇ. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ಒಂದು ಟನ್ ಇದ್ದಿಲಿಗೆ ಸುಮಾರು ಐದು ಟನ್ ಒಣ (ಶೇ. 20 ತೇವದ) ಕಟ್ಟಿಗೆ ಬೇಕು. ಐದು ಟನ್ನಿನಲ್ಲಿದ್ದ 71 ಗಿಗಾಜೂಲ್‌ನಲ್ಲಿ ಇದ್ದಿಲಿನಲ್ಲಿ ಉಳಿದದ್ದು 29–30. ಅರ್ಧಕ್ಕಿಂತ ಹೆಚ್ಚು ಗೂಡಿನಲ್ಲೇ ಹೋಯಿತು. ಹೋಗುವಾಗ ಸುಮ್ಮನೆ ಹೋಗುವುದಿಲ್ಲ: ಗಾಳಿ ಸಾಲದೆ ಬೇಯುವ ಗೂಡು ಟನ್ ಇದ್ದಿಲಿಗೆ ಸುಮಾರು 30 ಕೆಜಿ ಮೀಥೇನ್ ಬಿಡುತ್ತದೆ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುವ ಅನಿಲ, ಆದ್ದರಿಂದ ಇದು 840 ಕೆಜಿಗೆ ಸಮ. ಗಿಗಾಜೂಲ್‌ಗೆ 28 ಕೆಜಿ. ಕಟ್ಟಿಗೆ ಲಾರಿಯ ಡೀಸೆಲ್ ಗಿಗಾಜೂಲ್‌ಗೆ ಒಂದು ಕೆಜಿಯೂ ಇರಲಿಲ್ಲ ಎಂಬುದನ್ನು ನೆನಪಿಡಿ. ಮರ ಎಷ್ಟೇ ಚೆನ್ನಾಗಿ ಚಿಗುರಿದರೂ ಈ ಮೀಥೇನ್ ವಾಪಸ್ ಬರುವುದಿಲ್ಲ.

ಬಿಡಲಾಗದಿದ್ದರೆ ಹಸಿ ಕಟ್ಟಿಗೆ ಗೂಡಿಗೆ ಹಾಕಬೇಡಿ, ಮತ್ತು ಹೊಗೆಯನ್ನು ಒಲೆಗೆ ತಿರುಗಿಸಿ ಸುಡುವ ಉಕ್ಕಿನ ಗೂಡು ಬಳಸಿ. ಹೊಗೆ ಸುಟ್ಟರೆ ಮೀಥೇನಿನ ಬಹುಭಾಗ ಮುಗಿಯುತ್ತದೆ.

ಚಿಮಣಿಯಿಂದ ಕಪ್ಪು ಹೊಗೆ ಬರುತ್ತಿಲ್ಲ. ಕಾರ್ಬನ್ ಕಡಿಮೆ ಎಂದು ಅರ್ಥವೇ?

ಇಲ್ಲ. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ. ಕಪ್ಪು ಕಂಡರೆ ಮಸಿ, ದಪ್ಪ ಬಿಳಿ ಕಂಡರೆ ನೀರಾವಿ ಮತ್ತು ಸುಡದ ಆವಿ. ಎರಡೂ ಅರೆಬೆಂಕಿಯ ಗುರುತು, ಅರೆಬೆಂಕಿಯಲ್ಲಿ ಮೀಥೇನ್ ಹೆಚ್ಚು. ಐಪಿಸಿಸಿ ಪಟ್ಟಿಯಂತೆ ಕೈಗಾರಿಕಾ ಬಾಯ್ಲರಿನ ಕಟ್ಟಿಗೆಗೆ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ (ಇದೂ ಬಿಸಿ ಹಿಡಿಯುವ ಅನಿಲ) ಸೇರಿ ಗಿಗಾಜೂಲ್‌ಗೆ ಸುಮಾರು 1.9 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ಕಡಿದು ಸಾಗಿಸಿದ್ದರ ಎರಡರಷ್ಟು. ಮನೆಯ ಒಲೆಗೆ ಅದೇ 9 ಕೆಜಿ ದಾಟುತ್ತದೆ. ಒಮ್ಮೆಗೇ ಒಲೆ ತುಂಬ ತುರುಕುವ ಬದಲು ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುವುದು, ಬೆಂಕಿಯ ಮೇಲ್ಗಡೆಯಿಂದಲೂ ಗಾಳಿ ಕೊಡುವುದು, ಬಾಗಿಲು ತೆರೆದಿಡದಿರುವುದು – ಫೈರ್‌ಮನ್ ಕೈಯಲ್ಲಿರುವ ಈ ಮೂರು ಕೆಲಸ ಲಾರಿ ಬದಲಿಸುವುದಕ್ಕಿಂತ ಹೆಚ್ಚು ಉಳಿಸುತ್ತವೆ.

ಚಿಪ್ಸ್ ಮಾಡಿ ರಾಶಿ ಹಾಕಿದ್ದೇವೆ, ರಾಶಿಯಿಂದ ಹಬೆ ಬರುತ್ತಿದೆ. ಯಾಕೆ?

ಹಸಿ ಚಿಪ್ಸ್ ಗೊಬ್ಬರದ ಗುಂಡಿಯಂತೆ ಕಾಯುತ್ತದೆ. ಮರ ಅಲ್ಲೇ ಕರಗುತ್ತಿದೆ, ಒಳಗೆ ಗಾಳಿಯಿಲ್ಲದ ಕಡೆ ಮೀಥೇನೂ ಆಗುತ್ತದೆ, ಬಿಟ್ಟರೆ ಬೆಂಕಿಯೂ ಹೊತ್ತಬಹುದು. ರಾಶಿ ಬಿಡಿಸಿ ಹರಡಿ. ಕಟ್ಟಿಗೆಯನ್ನು ತುಂಡಾಗಿಯೇ ಒಣಗಿಸಿ, ಒಲೆಗೆ ಹಾಕುವ ಒಂದೆರಡು ದಿನ ಮುಂಚೆ ಮಾತ್ರ ಚಿಪ್ಸ್ ಮಾಡಿ.

ಶಾಖೋತ್ಪನ್ನ ವಿದ್ಯುತ್ ಘಟಕಗಳಿಗೂ ಪೆಲೆಟ್ ಹೋಗುತ್ತದಂತೆ?

ಕಲ್ಲಿದ್ದಲಿನ ಜೊತೆ ಜೈವಿಕ ಪೆಲೆಟ್ ಬೆರೆಸಿ ಸುಡಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರಲ್ಲಿ ನೀತಿ ಪರಿಷ್ಕರಿಸಿತು, ಶೇ. 5 ಅದರ ಆರಂಭದ ಪ್ರಮಾಣ. ಒತ್ತು ಇರುವುದು ಬೆಳೆ ಉಳಿಕೆಗೆ, ಮರಕ್ಕಲ್ಲ. ಶಕ್ತಿನಗರದ ರಾಯಚೂರು ಸ್ಥಾವರದಲ್ಲಿರುವಂಥ 210 ಮೆಗಾವ್ಯಾಟಿನ ಒಂದು ಘಟಕ ದಿನವಿಡೀ ಪೂರ್ತಿ ಓಡಿದರೆ, ಯೂನಿಟ್ಟಿಗೆ 0.65 ಕೆಜಿ ಕಲ್ಲಿದ್ದಲು ಹಿಡಿದು, ಶೇ. 5 ಎಂದರೆ ದಿನಕ್ಕೆ 160 ಟನ್ ಮೇಲೆ, ಹತ್ತು ಲಾರಿ. ಇಷ್ಟು ಹತ್ತಿ, ತೊಗರಿ ಕಟ್ಟಿಗೆ ಸುತ್ತಲ ಹೊಲಗಳಲ್ಲಿದೆ. ಅದನ್ನು ಸುಗ್ಗಿಯ ಎರಡು ತಿಂಗಳಲ್ಲಿ ಕೂಡಿಸಿ ವರ್ಷವಿಡೀ ಮಳೆಗೆ ನೆನೆಯದಂತೆ ಇಡುವುದೇ ಕಷ್ಟ.

ಕಡಿಯಲು, ಸಾಗಿಸಲು ಅನುಮತಿ?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ, ಸುಬಾಬುಲ್ ಮೊದಲಾದವುಗಳನ್ನು ಖಾಸಗಿ ಜಮೀನಿನಲ್ಲಿ ಕಡಿಯಲು ವಿನಾಯಿತಿ ಇದೆ. ಅರಣ್ಯ ಜಮೀನು, ಕೆರೆಯಂಗಳ, ಗೋಮಾಳದ ಜಾಲಿಗೆ ಈ ಮಾತು ಅನ್ವಯಿಸದು. ಸಾಗಿಸುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಪಹಣಿಯ ಪ್ರತಿ ಡ್ರೈವರ್ ಕೈಯಲ್ಲಿರಲಿ.

ಖರೀದಿದಾರರಿಗೆ ಲೆಕ್ಕ ಕೊಡಬೇಕು. ಏನೇನು ಬರೆದಿಡಬೇಕು?

ಪ್ರತಿ ಲೋಡಿಗೆ ಒಂದು ಸಾಲು: ದಿನಾಂಕ, ಗಾಡಿ ನಂಬರ್, ಊರು ಮತ್ತು ಸರ್ವೆ ನಂಬರ್, ಯಾವ ಕಟ್ಟಿಗೆ, ಬೊಡ್ಡೆ ಉಳಿಸಿ ಕಡಿದದ್ದೋ ಬುಡಸಮೇತ ಕಿತ್ತದ್ದೋ ಉಳಿಕೆಯೋ, ಕಾಟಾ ತೂಕ, ತೇವ, ಟ್ರ್ಯಾಕ್ಟರ್ ಮತ್ತು ಲಾರಿ ಓಡಿದ ಕಿ.ಮೀ., ಡೀಸೆಲ್ ಲೀಟರ್. ಕಾಟಾ ಚೀಟಿಯ ಫೋಟೊ ತೆಗೆದಿಡಿ, ಆ ಶಾಯಿ ಆರು ತಿಂಗಳಿಗೆ ಮಾಸುತ್ತದೆ.

ವರದಿಯಲ್ಲಿ ಮೂರನ್ನು ಬೆರೆಸಬೇಡಿ. ಕಂಪನಿಗಳು ಹೆಚ್ಚಾಗಿ ಅನುಸರಿಸುವ ಜಿಎಚ್‌ಜಿ ಪ್ರೋಟೋಕಾಲ್ (ಹಸಿರುಮನೆ ಅನಿಲಗಳ ಲೆಕ್ಕ ಬರೆಯುವ ನಿಯಮಾವಳಿ) ಪ್ರಕಾರ ಕಟ್ಟಿಗೆಯ ಇಂಗಾಲದ ಡೈಆಕ್ಸೈಡನ್ನು ಪ್ರತ್ಯೇಕವಾಗಿ ತೋರಿಸಬೇಕು. ಅದರ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಸ್ಕೋಪ್ 1ರಲ್ಲಿ, ಅಂದರೆ ನಿಮ್ಮದೇ ಘಟಕ ಮತ್ತು ಗಾಡಿಗಳಿಂದ ನೇರವಾಗಿ ಹೋಗುವುದರ ಖಾತೆಯಲ್ಲಿ, ಬರುತ್ತವೆ. ಡೀಸೆಲ್ ನಿಮ್ಮದೇ ಗಾಡಿಯದ್ದಾದರೆ ಸ್ಕೋಪ್ 1, ಬಾಡಿಗೆ ಲಾರಿಯದ್ದಾದರೆ ಸ್ಕೋಪ್ 3 (ನಿಮಗಾಗಿ ಬೇರೆಯವರು ಬಿಟ್ಟದ್ದರ ಖಾತೆ). "ಕಟ್ಟಿಗೆ, ಆದ್ದರಿಂದ ಸೊನ್ನೆ" ಎಂದು ಒಂದೇ ಸಾಲು ಬರೆದು ಕಳಿಸಿದ ಕಾಗದ ವಾಪಸ್ ಬರುತ್ತದೆ. ತೇವದ ಕಾಲಂ ಖಾಲಿ ಬಿಟ್ಟದ್ದೂ ಬರುತ್ತದೆ, ಏಕೆಂದರೆ ತೇವ ತಿಳಿಯದೆ 16 ಟನ್ನಿನಲ್ಲಿ ಮರ ಎಷ್ಟು, ನೀರು ಎಷ್ಟು ಎಂದು ಯಾರೂ ಹೇಳಲಾರರು.

ಕಟಾವಾದ ಮುಂದಿನ ದೀಪಾವಳಿ ಹೊತ್ತಿಗೆ ಆ ಹೊಲಕ್ಕೆ ಒಮ್ಮೆ ಹೋಗಿ. ಒಂದು ಸಾಲಿನಲ್ಲಿ ಇಪ್ಪತ್ತು ಬೊಡ್ಡೆ ಎಣಿಸಿ, ಎಷ್ಟು ಚಿಗುರಿವೆ ಬರೆದುಕೊಳ್ಳಿ, ಸರ್ವೆ ನಂಬರಿನ ಕಲ್ಲು ಕಾಣುವಂತೆ ಫೋಟೊ ತೆಗೆದು ಅದೇ ಕಡತಕ್ಕೆ ಸೇರಿಸಿ.